ಕೂಡುಗೆರೆ ಕಾಣಬೇಕಂತೆ

ಫೆಬ್ರವರಿ 3, ಸೋಮವಾರ

ಕಳಿಸಿದ ಬಟ್ಟೆಯ ಗಂಟು ಹೋದಷ್ಟೇ ಠೀವಿಯಿಂದ ವಾಪಸ್ ಬಂದು ಬಾಗಿಲಲ್ಲಿ ಕೂತಿದೆ. ಸುತ್ತಿದ ಹುರಿಯೂ ನಾನು ಸುತ್ತಿದ್ದೇ. ಬಿಚ್ಚಿ ನೋಡಿ ಮತ್ತೆ ಹಾಗೇ ಕಟ್ಟಿದ್ದಾರೆ, ಪುಣ್ಯಾತ್ಮರು.

ಬೆಳಿಗ್ಗೆಯೇ ಹಸಿರಕ್ಕ ಫೋನ್ ಮಾಡಿದ್ದಳು. ಅವಳ ಹೆಸರು ಬೇರೆ. ಅವಳ ಬ್ರ್ಯಾಂಡಿನ ಚೀಟಿ, ಚೀಲ, ರಟ್ಟಿನ ಡಬ್ಬ, ಕೊನೆಗೆ ಅವಳ ಕನ್ನಡಕದ ಕಡ್ಡಿಯೂ ಹಸಿರಾದ್ದರಿಂದ ಅತ್ತೆ ಇಟ್ಟ ಹೆಸರಿದು. ಭೂಮಿಗೆ ಭಾರವಾಗದ, ಯಾರ ಹೊಟ್ಟೆಗೂ ಹೊಡೆಯದ ಬಟ್ಟೆ ಮಾರುವುದು ಅವಳ ಕೆಲಸ. ನಮ್ಮ ಅಚ್ಚಿನ ಬಟ್ಟೆ ತೆಗೆದುಕೊಂಡು ಉಡುಪು ಹೊಲಿಸುತ್ತಾಳೆ. ಉಳಿದ ಅಂಗಡಿಗಳೆಲ್ಲ ಮಿಶನ್ ಬಟ್ಟೆಗೆ ತಿರುಗಿದ ಮೇಲೆ ನಮಗಿರುವ ಗಿರಾಕಿ ಇವಳೊಬ್ಬಳೇ. ಇವಳೂ ಕೈಬಿಟ್ಟರೆ ಷೆಡ್ಡನ್ನು ಮಾಲೀಕನಿಗೆ ಒಪ್ಪಿಸಿ ಮಾವನ ಮೇಜನ್ನು ಸೌದೆಗೆ ಕೊಡಬೇಕು.

"ತಪ್ಪು ತಿಳ್ಕೋಬೇಡಿ," ಎಂದು ಶುರು ಮಾಡಿದಳು. ಹಾಗೆ ಶುರು ಮಾಡಿದವರು ಒಳ್ಳೆ ಸುದ್ದಿ ಹೇಳಿದ್ದನ್ನು ನಾನು ಕೇಳಿಲ್ಲ. "ಕೊಂಡೋರು ಕಂಪ್ಲೇಂಟ್ ಮಾಡ್ತಿದಾರೆ. ಇದು ಕೈಕೆಲಸ ಅಲ್ಲ, ಮಿಶನ್ ಪ್ರಿಂಟು, ನಮಗೆ ಮೋಸ ಮಾಡಿದೀರಿ ಅಂತ."

ಮಾವ ಅಚ್ಚು ತೊಳೆಯುತ್ತಿದ್ದರು. ಹೋಗಿ ಹೇಳಿದೆ. ಕತ್ತೆತ್ತಿ, "ಮಿಶನ್ ಥರ ಇದೆ ಅಂದ್ರಾ?" ಎಂದರು. ಹೂಂ ಅಂದೆ. "ಹಾಗೇ ಅಂದ್ರಾ?" ಮುಖವೆಲ್ಲ ಅರಳಿತು. ಅತ್ತೆಯನ್ನು ಕೂಗಿ, "ಕೇಳ್ದೇನೇ, ಮಿಶನ್ ಥರ ಇದೆಯಂತೆ!" ಎಂದು ಕೆಮ್ಮು ಬರುವಷ್ಟು ನಕ್ಕರು. ನಗು ಮುಗಿಯುವ ತನಕ ಕಾದು, ಗಂಟು ವಾಪಸ್ ಬಂದಿದೆ ಎಂದೆ.

ಈ ಪುಸ್ತಕವನ್ನು ಕೊಟ್ಟವಳೂ ಹಸಿರಕ್ಕನೇ. ಹಳೇ ಕಾಗದ ಅರೆದು ಮಾಡಿದ್ದು. ಕೆಲಸದ ವಿವರ ಬರೆದಿಡಿ ಅಂದಿದ್ದಾಳೆ. ಸರಿ, ಬರೆಯುತ್ತೇನೆ. ಅಚ್ಚು ಅಂದರೆ ಅಂಗೈ ಅಗಲದ ಕೆತ್ತಿದ ಮರ. ಅದನ್ನು ಬಣ್ಣಕ್ಕೊತ್ತಿ ಬಟ್ಟೆಗೊತ್ತಿ ಬೆನ್ನ ಮೇಲೆ ಧಪ್ ಎಂದು ಗುದ್ದಬೇಕು. ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು, ಹೀಗೇ ಮೇಜಿನ ಉದ್ದಕ್ಕೂ. ಒಂದು ಒತ್ತು ಇನ್ನೊಂದಕ್ಕೆ ಸೇರುವ ಜಾಗ ಕೂಡುಗೆರೆ. ಅದು ಕಾಣಬಾರದು. ಮಾವ ಜನ್ಮ ಸವೆಸಿರುವುದು ಅದು ಕಾಣದಂತೆ ಮಾಡಲು. ನನ್ನ ಕೆಲಸ ತೊಳೆಯುವುದು, ಒಣಹಾಕುವುದು, ಮಡಚುವುದು, ಫೋನ್ ಎತ್ತುವುದು. ಮೇಜಿನ ಹತ್ತಿರ ನನ್ನನ್ನು ಬಿಟ್ಟುಕೊಳ್ಳುವುದಿಲ್ಲ. ಮಡಚುವಾಗ ಅಂಚಿಗೆ ಅಂಚು ಸೇರಿಸಲು ಬಾರದವಳಂತೆ ನಾನು. ಬೆಳಗಿನಿಂದ ಸಂಜೆ ತನಕ ಆ ಧಪ್ ಧಪ್ ಕೇಳಿ ತಲೆನೋವು ಬರುವುದು ಮಾತ್ರ ನನಗೆ.

ವಿವರ ಮುಗಿಯಿತು. ಉಳಿದ ಹಾಳೆಯೆಲ್ಲ ನನ್ನದು.

ಫೆಬ್ರವರಿ 6, ಗುರುವಾರ

ಹಸಿರಕ್ಕ ಖುದ್ದಾಗಿ ಬಂದಿದ್ದಳು. ಬಣ್ಣ ಕಾಣದ ಬಟ್ಟೆಯ ಅಂಗಿ, ತೇಪೆ ಹಾಕಿದ ಚೀಲ. ತೇಪೆ ಬೇಕೆಂದೇ ಹಾಕಿಸಿದ್ದಂತೆ. ಅತ್ತೆ ಅದನ್ನು ನೋಡಿ, ಪಾಪ, ಒಂದು ಗಟ್ಟಿ ಚೀಲ ಕೊಟ್ಟು ಕಳಿಸೋಣವೇ ಎಂದು ನನ್ನ ಕಿವಿಯಲ್ಲಿ ಕೇಳಿದರು.

ಅವಳನ್ನು ಬೈಯಲು ಮನಸ್ಸು ಬರುವುದಿಲ್ಲ, ಅದೇ ನನ್ನ ಕಷ್ಟ. ಜಂಬವಿಲ್ಲದ ಹೆಂಗಸು. ಷೆಡ್ಡಿನ ನೆಲದ ಮೇಲೇ ಕೂತು, ವಾಪಸ್ ಬಂದ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಸವರುತ್ತಾ ಮಾತಾಡಿದಳು.

"ಇದು ನಿಮ್ಮ ಕೈಯಲ್ಲೇ ಆಗಿದ್ದು ಅಂತ ನನಗೆ ಗೊತ್ತು. ಕೊಳ್ಳೋರಿಗೆ ಹೇಗೆ ಗೊತ್ತಾಗ್ಬೇಕು? ಬಟ್ಟೇಲಿ ಕೈ ಎಲ್ಲಿದೆ ಅಂತ ಹುಡುಕ್ತಾರೆ ಅವರು. ಎಲ್ಲೋ ಒಂಚೂರು ಜಾಗ ಬಿಟ್ಟಿದ್ರೆ, ಎಲ್ಲೋ ಒಂಚೂರು ಒಂದರ ಮೇಲೊಂದು ಹತ್ತಿದ್ರೆ ಸಾಕು, ಖುಷಿಯಾಗುತ್ತೆ ಅವರಿಗೆ."

"ಅಂದ್ರೆ ಕೂಡುಗೆರೆ ಕಾಣ್ಬೇಕು," ಎಂದರು ಮಾವ.

"ಅಲ್ಲಲ್ಲಿ."

"ತಪ್ಪು ಮಾಡೋಕೆ ನಾನ್ಯಾಕಮ್ಮ ಬೇಕು? ರಸ್ತೇಲಿ ಹೋಗೋ ಯಾರನ್ನ ಕರೆದ್ರೂ ಮಾಡ್ಕೊಡ್ತಾರೆ."

ಅತ್ತೆ ಸುಮ್ಮನಿರಬೇಕಲ್ಲ. "ಸೊಸೆ ಕೈಗೆ ಅಚ್ಚು ಕೊಡಿ. ನೀವು ಬೇಡ ಅಂದ್ರೂ ತಪ್ಪು ಬರುತ್ತೆ."

"ನಾನು ಸತ್ತ ಮೇಲೆ ಕೊಡು," ಎಂದು ಮಾವ ಎದ್ದು ಹೊರಗೆ ಹೋದರು.

ಹಸಿರಕ್ಕ ಹೋಗುವಾಗ ನನ್ನ ಕೈ ಹಿಡಿದುಕೊಂಡು, ತಿಂಗಳ ಕೊನೆಯೊಳಗೆ ಒಂದು ನಮೂನೆ ಕಳಿಸಿ, ಅದು ಒಪ್ಪಿಗೆಯಾದರೆ ಮುಂದಿನ ಆರ್ಡರ್ ಪೂರ್ತಿ ನಿಮಗೇ ಎಂದಳು. ಆಗದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಫೆಬ್ರವರಿ 11, ಮಂಗಳವಾರ

ಮಾವ ತಪ್ಪು ಮಾಡಲು ಹೊರಟಿದ್ದಾರೆ. ನಗಬೇಕೋ ಅಳಬೇಕೋ ತಿಳಿಯದು.

ನಿನ್ನೆ ಒಂದು ತುಂಡು ಒತ್ತಿದರು. ನಾಲ್ಕು ಒತ್ತಿಗೊಂದು ಸಣ್ಣ ಸಂದು. ಪ್ರತಿ ಸಂದೂ ಒಂದೇ ಅಗಲ, ಒಂದೇ ಜಾಗ. ಫೋಟೊ ಕಳಿಸಿದೆ. "ಇದು ಹೊಸ ಡಿಸೈನಾ? ಚೆನ್ನಾಗಿದೆ. ಆದ್ರೆ ನಾವು ಮಾತಾಡಿದ್ದು ಬೇರೆ ಅಲ್ವಾ?" ಎಂದು ಹಸಿರಕ್ಕನ ಉತ್ತರ ಬಂತು.

ಇವತ್ತು ಅತ್ತೆ ಒಂದು ಉಪಾಯ ಮಾಡಿದರು. ಅತ್ತೆಯ ತಮ್ಮನ ಸುದ್ದಿ ಎತ್ತಿದರೆ ಮಾವನಿಗೆ ಪಿತ್ತ ನೆತ್ತಿಗೇರುತ್ತದೆ. ಅತ್ತೆ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು, ನನ್ನ ತಮ್ಮನಂಥ ಗಂಡಸು ಎಲ್ಲಿದ್ದಾನೆ, ಎಂಥ ಗುಣ, ಎಂಥ ಮಾತು ಎಂದು ಹೊಗಳಲು ಶುರು ಮಾಡಿದರು. ಮಾವ ಕೆಂಪಗಾದರು, ಹಲ್ಲು ಕಡಿದರು, ಅಚ್ಚಿನ ಬೆನ್ನಿಗೆ ಬಿದ್ದ ಗುದ್ದಿಗೆ ಷೆಡ್ಡಿನ ತಗಡು ಅದುರಿತು. ಕೂಡುಗೆರೆ ಮಾತ್ರ ಒಂದೂ ಕಾಣಲಿಲ್ಲ. ಸಿಟ್ಟು ಬಂದರೆ ಕೈ ಇನ್ನೂ ನೆಟ್ಟಗಾಗುತ್ತದೆ ಈ ಮನುಷ್ಯನಿಗೆ.

ಕೊನೆಗೆ ನಾನೇ, ಕಣ್ಣು ಮುಚ್ಚಿಕೊಂಡು ಒತ್ತಿ ಮಾವ ಎಂದೆ. ಮುಚ್ಚಿಕೊಂಡು ಒತ್ತಿದರು. ತೆರೆದು ನೋಡಿ, ಹೆಬ್ಬೆರಳ ಉಗುರಿನಿಂದ ಕೂಡುಗೆರೆ ಸವರಿ, "ನೋಡು," ಎಂದು ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. ತಾನು ಸೋತಿದ್ದೇನೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಮೊಂಡು ಮುದುಕ.

ಫೆಬ್ರವರಿ 14, ಶುಕ್ರವಾರ

ಮತ್ತೆ ಒಂದು ತುಂಡು, ಹಸಿರಕ್ಕ ಮತ್ತೆ ಬೇಡ ಅಂದಳು.

ದೇವರೇ, ಈ ಮನುಷ್ಯನ ಕೈ ಒಂದು ಸಲ ತಪ್ಪಲಿ. ಒಂದೇ ಸಲ. ಇಷ್ಟೂ ಕೇಳಬಾರದೇ?

ಫೆಬ್ರವರಿ 21, ಶುಕ್ರವಾರ

ಗೆದ್ದೆವು!

ಒಣಹಾಕಲು ಬಟ್ಟೆ ಎತ್ತಿಕೊಂಡಾಗಲೇ ಕಂಡಿತು. ಒಂದು ಕಡೆ ಸಂದು, ಇನ್ನೊಂದು ಕಡೆ ಬಳ್ಳಿಯ ತುದಿ ಪಕ್ಕದ ಎಲೆಯ ಮೇಲೆ ಹತ್ತಿದೆ, ಮುಂದೆ ಸ್ವಲ್ಪ ದೂರ ಸರಿಯಾಗಿದೆ, ಮತ್ತೆ ಓರೆ. ಒಂದರಂತೆ ಇನ್ನೊಂದಿಲ್ಲ. ಕೊನೆಗೂ ಮನಸ್ಸು ಮಾಡಿದಿರಲ್ಲ ಮಾವ, ಇದನ್ನು ಮೊದಲೇ ಮಾಡಿದ್ದರೆ ಏನಾಗುತ್ತಿತ್ತು ಎಂದೆ. ಅವರು ಅಚ್ಚನ್ನು ತೊಳೆದು ಒರೆಸುತ್ತಲೇ ಇದ್ದರು. ಸೋಲೊಪ್ಪಿಕೊಂಡ ಸಂಕಟ, ಇರಲಿ.

ಹಸಿರಕ್ಕ ಫೋನಿನಲ್ಲಿ ಕುಣಿದಾಡಿದಳು. "ಎಷ್ಟು ಜೀವ ಇದೆ ಇದ್ರಲ್ಲಿ! ಇದೇ, ಇದೇ ನಾನು ಕೇಳಿದ್ದು!"

ಸಂತೋಷಕ್ಕೆ ಎಲ್ಲರಿಗೂ ಗಟ್ಟಿ ಹಾಲಿನ ಚಹಾ ಮಾಡಿದೆ. ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಷೆಡ್ಡಿನಲ್ಲಿ ಥಂಡಿ ಹೆಚ್ಚು. ಒಂದು ಶಾಲು ಕೊಡಬೇಕು ಅವರಿಗೆ.

ಮಾರ್ಚ್ 4, ಮಂಗಳವಾರ

ಆರ್ಡರ್ ಬಂದಿದೆ. ಮೇ ತಿಂಗಳ ಕೊನೆಗೆ ಪೂರ್ತಿ ಬಟ್ಟೆ ಹೋಗಬೇಕು.

ಹಸಿರಕ್ಕ ಒಬ್ಬ ಫೋಟೊದವನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ಮಾವನ ಕೈಗಳ ಫೋಟೊ ಬೇಕಂತೆ, ಮುಖ ಬೇಡವಂತೆ. ಮಾವ ಕೈ ಕೊಡಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. "ಮುಖ ತೆಗೀಲಿ ಬೇಕಾದ್ರೆ," ಎಂದರು. ಇಷ್ಟು ಒಳ್ಳೆಯ ಹೆಂಗಸಿನ ಮುಂದೆ ಆ ಗಂಟುಮುಖ ನೋಡಿ ನನಗೆ ಮೈ ಉರಿಯಿತು. ಕೊನೆಗೆ ಅಚ್ಚುಗಳ ಫೋಟೊ ತೆಗೆದುಕೊಂಡು ಹೋದರು.

ಬೆಳಿಗ್ಗೆ ಇನ್ನೊಂದು ತಮಾಷೆ. ಅತ್ತೆ ಮಾವನ ಅಂಗಿಯ ಗುಂಡಿ ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ಇಬ್ಬರೂ ದೂರ ಸರಿದರು. ಈ ವಯಸ್ಸಿನಲ್ಲಿ ಸರಸ ಎಂದು ವ್ಯಾನ್ ಓಡಿಸಲು ಹೊರಟಿದ್ದ ನನ್ನ ಗಂಡನಿಗೆ ಹೇಳಿದೆ. ಅವರು ನಗಲಿಲ್ಲ. ಈ ಮನೆಯಲ್ಲಿ ಯಾರಿಗೂ ನಗು ಗೊತ್ತಿಲ್ಲ.

ಮಾರ್ಚ್ 15, ಶನಿವಾರ

ಬರೆಯಬೇಕೋ ಬೇಡವೋ.

ಊಟದ ಡಬ್ಬಿ ತೆಗೆದುಕೊಂಡು ಎಂದಿಗಿಂತ ಬೇಗ ಷೆಡ್ಡಿಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಮಾವ ಮೇಜಿನ ಮುಂದೆ ಬಾಗಿ ನಿಂತಿದ್ದರು. ಕೈಯಲ್ಲಿದ್ದ ಅಚ್ಚು ಬಟ್ಟೆಯಿಂದ ಒಂದು ಬೆರಳು ಮೇಲೆ ನಿಂತು ಅಲ್ಲಾಡುತ್ತಿತ್ತು. ಅವರು ಅದು ನಿಲ್ಲಲಿ ಎಂದು ಕಾಯುತ್ತಿದ್ದರು. ನಿಲ್ಲಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರು. ಎರಡೂ ಅಲ್ಲಾಡಿದವು. ಕೊನೆಗೆ ಉಸಿರು ಬಿಗಿಹಿಡಿದು ಇಳಿಸಿದರು. ಎತ್ತಿ ನೋಡಿ, ಕೂಡುಗೆರೆಯನ್ನು ಉಗುರಿನಿಂದ ಉಜ್ಜಿದರು, ಉಜ್ಜಿದರೆ ಹೋಗುತ್ತದೆಯೋ ಎಂಬಂತೆ.

ಅವರು ಯಾವತ್ತೂ ತಪ್ಪು ಮಾಡಲು ಒಪ್ಪಿಕೊಂಡಿರಲೇ ಇಲ್ಲ. ಇಷ್ಟು ದಿನವೂ ಸರಿಯಾಗಿಯೇ ಒತ್ತಲು ಹೆಣಗುತ್ತಿದ್ದರು. ನಾನು ಅದನ್ನು ನೋಡಿ ಗೆದ್ದೆವು ಎಂದು ಚಹಾ ಮಾಡಿದೆ.

ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಬಂದೆ. ಅತ್ತೆಯನ್ನು ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು, "ಹೇಳ್ಬೇಡ ಅಂದಿದ್ರು ಕಣೇ," ಎಂದರು. ನನ್ನ ಗಂಡನಿಗೂ ಗೊತ್ತಿತ್ತಂತೆ. ಗೊತ್ತಿಲ್ಲದವಳು ನಾನೊಬ್ಬಳೇ. ದೇವರನ್ನು ಬೇಡಿಕೊಂಡವಳೂ ನಾನೊಬ್ಬಳೇ.

ಮಾರ್ಚ್ 18, ಮಂಗಳವಾರ

ಡಾಕ್ಟರು ಮಾವನ ಮುಂದೆ ಕಾಗದ ಇಟ್ಟು, ಒಳಗಿಂದ ಹೊರಗೆ ಸುತ್ತಿಕೊಂಡು ಹೋಗುವ ಗೆರೆ ಬರೆಯಿರಿ ಎಂದರು. ಅಚ್ಚು ಕೆತ್ತಿಸುವ ಮೊದಲು ಬಳ್ಳಿ, ಎಲೆ, ಹೂವು ಎಲ್ಲವನ್ನೂ ಒಂದೇ ಎಳೆತದಲ್ಲಿ ಬರೆಯುವವರು ಇವರು. ಬರೆದರು. ಗೆರೆ ಉದ್ದಕ್ಕೂ ಗರಗಸದ ಹಲ್ಲಿನಂತೆ ಬಂತು. ಮಾವ ಅದನ್ನು ನೋಡಿ, "ಪೆನ್ನು ಸರಿಯಿಲ್ಲ," ಎಂದರು.

ಡಾಕ್ಟರು ಬೇರೆ ಪೆನ್ನು ಕೊಟ್ಟರು. ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವ ಹುಟ್ಟಿತು.

"ಇದು ನರದ ತೊಂದರೆ. ವಾಸಿಯಾಗೋ ಕಾಯಿಲೆ ಅಲ್ಲ. ಮಾತ್ರೆ ಕೊಟ್ರೆ ನಿಧಾನ ಆಗುತ್ತೆ. ಏನು ಕೆಲಸ ನಿಮ್ದು?"

"ಅಚ್ಚು ಒತ್ತೋದು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಬಸ್ಸಿನಲ್ಲಿ ಮಾವ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದರು. ಟಿಕೆಟ್ ನಾನೇ ಹಿಡಿದುಕೊಂಡೆ. ಮಾಡುವುದಕ್ಕೆ ಏನಾದರೂ ಇದ್ದಿದ್ದರೆ ಮಾಡುತ್ತಿದ್ದೆ. ಏನೂ ಇರಲಿಲ್ಲ.

ಮಾರ್ಚ್ 25, ಮಂಗಳವಾರ

ಹಸಿರಕ್ಕ ಉಡುಪಿಗೆ ಕಟ್ಟುವ ಚೀಟಿಯ ನಮೂನೆ ಕಳಿಸಿದ್ದಾಳೆ. ಮಾವ ಓದು ಎಂದರು. ಓದಿದೆ. "ಈ ಬಟ್ಟೆಯಲ್ಲಿ ಕಾಣುವ ಸಣ್ಣ ಸಣ್ಣ ಅಂತರಗಳು ದೋಷಗಳಲ್ಲ. ಅವು ಕುಶಲಕರ್ಮಿಯ ಉಸಿರು."

"ಇನ್ನೊಂದ್ಸಲ ಓದು." ಓದಿದೆ.

"ಉಸಿರಲ್ಲ," ಎಂದರು. "ನರ."

ಅವಳಿಗೆ ಹೇಳಿಬಿಡೋಣ ಮಾವ, ಒಳ್ಳೆಯವಳು, ಅರ್ಥ ಮಾಡಿಕೊಳ್ಳುತ್ತಾಳೆ ಎಂದೆ. ಅವರ ಧ್ವನಿ ಏರಿತು. "ಹೇಳಿದ್ರೆ ನಾಳೆ ಅಯ್ಯೋ ಪಾಪ ಅಂತ ತಗೋತಾಳೆ. ಕೈ ಸರಿಯಿದ್ದಾಗ ಬೇಡ ಅಂದ್ಲು, ಕೆಟ್ಟಾಗ ಬೇಕು ಅಂದ್ಲು. ಅಯ್ಯೋ ಪಾಪಾನೂ ಸೇರಿಸ್ಬೇಕಾ ಅದಕ್ಕೆ?"



ಏಪ್ರಿಲ್ 2, ಬುಧವಾರ

ಮಾತ್ರೆಯಿಂದ ಮಾವನಿಗೆ ನಿದ್ದೆ ಬರುತ್ತದೆ, ಕೈ ನಿಲ್ಲುವುದಿಲ್ಲ. ಬಟ್ಟೆ ಅರ್ಧವೂ ಆಗಿಲ್ಲ.

ಅಚ್ಚಿನಿಂದ ಬಣ್ಣ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನೋಡಲಾಗಲಿಲ್ಲ. ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡೆ. ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಮಾವನ ಕೈ ಮುಟ್ಟಿದ್ದು ಇದೇ ಮೊದಲು. ಎಲುಬು ಎಷ್ಟು ಸಣ್ಣ. ಒಳಗೆ ಏನೋ ಒಂದು ಓಡಾಡುತ್ತಲೇ ಇತ್ತು.

"ಬಿಡು."

"ಬಿಡಲ್ಲ. ಇಳಿಸಿ."

ಇಳಿಸಿದರು. ನಾನು ಗುದ್ದಿದೆ. ಎತ್ತಿದಾಗ ಕೂಡುಗೆರೆ ಇರಲಿಲ್ಲ. ಬಳ್ಳಿ ಹರಿದುಕೊಂಡು ಮುಂದಕ್ಕೆ ಹೋಗಿತ್ತು. ಸಂಜೆಯ ತನಕ ಹಾಗೇ ಒತ್ತಿದೆವು. ಹಸಿರಕ್ಕನಿಗೆ ಇಂಥದ್ದು ಬೇಡ ಎಂದು ನೆನಪಾದದ್ದು ಒಣಹಾಕಿದ ಮೇಲೆ. ಇರಲಿ, ಉಳಿದ ಬಟ್ಟೆಯ ನಡುವೆ ಸೇರಿಸಿ ಮಡಚಿದ್ದೇನೆ.

ಏಪ್ರಿಲ್ 10, ಗುರುವಾರ

ಇವತ್ತು ಹಿಡಿದುಕೊಂಡರೂ ನಿಲ್ಲಲಿಲ್ಲ. ಅವರ ನಡುಕ ನನ್ನ ಕೈಗೂ ಹತ್ತಿ ಅಚ್ಚು ಓರೆಯಾಯಿತು. ಮಾವ ಅಚ್ಚನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೂಕಿದರು.

"ತಗೋ."

ಇಷ್ಟೇ. ನಾನು ಸತ್ತ ಮೇಲೆ ಎಂದಿದ್ದವರು.

ಮೊದಲ ಒತ್ತು ಓರೆ. ಎರಡನೆಯದು ಮೊದಲನೆಯದರ ಮೇಲೇ ಹತ್ತಿ ಕೂತಿತು. ಮೂರನೆಯದಕ್ಕೆ ಬಣ್ಣ ಹೆಚ್ಚಾಗಿ ಎಲೆಯೆಲ್ಲ ಮುದ್ದೆ. ಮಾವ ಸ್ಟೂಲಿನ ಮೇಲೆ ಕೂತು ತಲೆ ಚಚ್ಚಿಕೊಂಡರು. "ಅಚ್ಚನ್ನ ನೋಡ್ಬೇಡ. ಅಚ್ಚು ಎಲ್ಲಿಗೆ ಓಡಿಹೋಗುತ್ತೆ? ಪಕ್ಕದ ಒತ್ತಿನ ಮೂಲೆ ನೋಡು. ಮೂಲೆ! ಮೂಲೆ ಅಂದ್ರೆ ಯಾವ್ದು ಗೊತ್ತಾ?" ಗೊತ್ತು ಎಂದು ಕಿರುಚಿದೆ. ಗೊತ್ತಿರಲಿಲ್ಲ.

ಹಸಿರಕ್ಕನಿಗೆ ಫೋಟೊ ಕಳಿಸಲು ಕೈ ಬರಲಿಲ್ಲ. ಕಳಿಸಿದೆ. "ಅದ್ಭುತ!" ಎಂದು ಬಂತು. ಅತ್ತೆ, "ನಾನು ಅವತ್ತೇ ಹೇಳಿದ್ನಲ್ಲ," ಎಂದು ಓಡಾಡಿಕೊಂಡಿದ್ದಾರೆ. ನನಗೆ ಭುಜ ಎತ್ತಲು ಆಗುತ್ತಿಲ್ಲ.

ಏಪ್ರಿಲ್ 24, ಗುರುವಾರ

ಬಣ್ಣ ಹದವಾಗಿರಲಿಲ್ಲ, ಒತ್ತಲಿಲ್ಲ. ಷೆಡ್ಡು ದಿನವಿಡೀ ಸದ್ದಿಲ್ಲದೆ ಬಿದ್ದಿತ್ತು. ತಲೆನೋವು.

ಮೇ 7, ಬುಧವಾರ

ಮಾವ ಚಮಚ ಹಿಡಿಯುವುದನ್ನು ಬಿಟ್ಟಿದ್ದಾರೆ. ಅತ್ತೆ ತಿನ್ನಿಸುತ್ತಾರೆ. ಅವರು ಬೈಯುತ್ತಾ ತಿನ್ನುತ್ತಾರೆ, ಅತ್ತೆ ಬೈಸಿಕೊಳ್ಳುತ್ತಾ ತಿನ್ನಿಸುತ್ತಾರೆ, ಆಮೇಲೆ ಹಿತ್ತಲಿಗೆ ಹೋಗಿ ಮೂಗು ಒರೆಸಿಕೊಂಡು ಬರುತ್ತಾರೆ. ನನ್ನ ಗಂಡ ಅಪ್ಪನ ಅಂಗಿಯ ಗುಂಡಿಗಳನ್ನೆಲ್ಲ ಕಿತ್ತು, ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಹೊಲಿಸಿಕೊಂಡು ಬಂದರು. ಒಳ್ಳೆಯದೇ ಮಾಡಿದರು. ಮಾವ ಆ ಅಂಗಿಯನ್ನು ತೊಡಲು ಒಪ್ಪಲಿಲ್ಲ. ಆಮೇಲೆ ಒಪ್ಪಿದರು.

ಹಗಲೆಲ್ಲ ನನ್ನ ಪಕ್ಕ ಸ್ಟೂಲಿನ ಮೇಲೆ. ಒಣಗಿದ ಬಟ್ಟೆಯನ್ನು ಎಳೆದುಕೊಂಡು ಉಗುರಿನಿಂದ ಕೂಡುಗೆರೆ ಹುಡುಕುತ್ತಾರೆ. ಸಿಕ್ಕಿದರೆ ಕೂಗು. "ಇಲ್ನೋಡು! ಹೇನು ಹೋಗುವಷ್ಟು ಜಾಗ ಬಿಟ್ಟಿದೀಯ."

"ಆರ್ಡರಿಗೆ ಬೇಕಾಗಿರೋದೇ ಅದಲ್ವಾ ಮಾವ?"

"ತಾನಾಗಿ ಬರೋ ತಪ್ಪು ಬರ್ಲಿ. ನೀನಾಗಿ ಮಾಡ್ಬೇಡ. ಎತ್ತು, ಮತ್ತೆ ಒತ್ತು."

ಎತ್ತಿದೆ, ಮತ್ತೆ ಒತ್ತಿದೆ. ಏನು ಮಾಡಲಿ, ಅವರಿಗೆ ಹೇಳಿಕೊಡಲು ಬರುವುದು ಅದೊಂದೇ.

ಮೇ 16, ಶುಕ್ರವಾರ

ಅತ್ತೆಯ ಜೊತೆ ಜಗಳ. ಬಟ್ಟೆ ಒಣಹಾಕುವ ಹಗ್ಗವನ್ನು ಸೊಟ್ಟಗೆ ಕಟ್ಟಿದ್ದಾರೆ. ಮಡಚಿದ ರಾಶಿಯಲ್ಲಿ ಒಂದರ ಅಂಚಿಗೂ ಒಂದರ ಅಂಚು ಸೇರಿಲ್ಲ. ಕಣ್ಣಿಗೆ ಕಾಣಿಸುವುದಿಲ್ಲವೇ ಎಂದು ರೇಗಿದೆ. ಎಲ್ಲವನ್ನೂ ಬಿಚ್ಚಿ ನಾನೇ ಮಡಚಿದೆ. ಅತ್ತೆ ನನ್ನನ್ನೇ ನೋಡುತ್ತಾ ನಿಂತಿದ್ದರು. ಏನು ಎಂದರೆ ಏನಿಲ್ಲ ಎಂದರು.

ಆಮೇಲೆ ಬೇಜಾರಾಯಿತು. ವಯಸ್ಸಾದವರು. ನಾನೂ ಸುಸ್ತಾಗಿದ್ದೇನೆ.

ಮೇ 30, ಶುಕ್ರವಾರ

ಬಟ್ಟೆ ಹೋಯಿತು. ಗಂಟುಗಳನ್ನು ನಮ್ಮ ವ್ಯಾನಿಗೇ ಹಾಕಿ ಕಳಿಸಿದೆವು. ಕೊನೆಯ ಎರಡು ವಾರ ಕತ್ತೆತ್ತದೆ ಒತ್ತಿದ್ದೇನೆ. ಎಲ್ಲೆಲ್ಲಿ ಏನೇನು ತಪ್ಪಿದೆಯೋ, ತಿರುಗಿ ನೋಡಲು ಹೊತ್ತಿರಲಿಲ್ಲ. ಮಾವನೂ ಸುಮ್ಮನೆ ಕೂತಿರುತ್ತಿದ್ದರು, ಬೈಯುವುದನ್ನೇ ಬಿಟ್ಟಿದ್ದರು. ಬೈಯಲೂ ಶಕ್ತಿಯಿಲ್ಲವೇನೋ ಎಂದು ಹೆದರಿಕೆ.

ಜೂನ್ 12, ಗುರುವಾರ

"ತಪ್ಪು ತಿಳ್ಕೋಬೇಡಿ."

ಫೋನಿನಲ್ಲಿ ಹಸಿರಕ್ಕ. ಮೊದಲು ಒತ್ತಿದ್ದೆಲ್ಲ ಚೆನ್ನಾಗಿದೆ, ಕೊನೆಯ ಗಂಟನ್ನು ಮಾತ್ರ ಅವಳ ಉಡುಪು ಮಾರುವ ಅಂಗಡಿಗಳು ತೆಗೆದುಕೊಳ್ಳುತ್ತಿಲ್ಲವಂತೆ. ಮಿಶನ್ ಪ್ರಿಂಟು ಎನ್ನುತ್ತಿದ್ದಾರಂತೆ. "ಟೈಮಿಗೆ ಕೊಡ್ಬೇಕು ಅಂತ ಹೊರಗೆ ಎಲ್ಲಾದ್ರೂ ಪ್ರಿಂಟ್ ಮಾಡಿಸಿದ್ರಾ? ಮಾಡಿಸಿದ್ರೂ ಹೇಳಿ, ಬೇಜಾರಿಲ್ಲ."

ತಲೆ ಕೆಟ್ಟುಹೋಯಿತು. ಭುಜ ಬಿದ್ದುಹೋಗುವ ಹಾಗೆ ಒತ್ತಿದವಳು ನಾನು. ಮಾವ ಹೇಳಬೇಡ ಅಂದದ್ದನ್ನೆಲ್ಲ ಹೇಳಿಬಿಟ್ಟೆ. ಕೈ ನಡುಕ, ಡಾಕ್ಟರು, ಫೆಬ್ರವರಿಯ ನಮೂನೆ, ಉಸಿರು, ನರ, ಎಲ್ಲ. ಆ ಕಡೆಯಿಂದ ಅಳುವ ಸದ್ದು. "ನಂಗೆ ಗೊತ್ತಿರ್ಲಿಲ್ಲ." ನನಗೂ ಗೊತ್ತಿರಲಿಲ್ಲ ಎಂದೆ. ಮೂಗೆಳೆದುಕೊಂಡು, "ಈ ಕಥೇನೇ ಚೀಟೀಲಿ ಹಾಕಿದ್ರೆ..." ಎಂದಳು. ತಕ್ಷಣ, "ಇಲ್ಲ, ಇಲ್ಲ, ಛೆ, ನಾನೇನು ಮಾತಾಡ್ತಿದೀನಿ," ಎಂದಳು. ಅವಳ ಕೈಯಲ್ಲೂ ಏನೂ ಇಲ್ಲ. ಅಂಗಡಿಯವರು ಕೇಳುವುದು ಬಟ್ಟೆಯನ್ನು. ಹೊಸದಾಗಿ ಒತ್ತಿ ಕೊಟ್ಟರೆ ಆರ್ಡರ್ ಉಳಿಯುತ್ತದೆ, ಅದೂ ಈ ತಿಂಗಳಲ್ಲೇ.

ಗಂಟು ಸಂಜೆ ಬಂತು. ಮಾವನಿಗೆ ಹೇಳದೆ ವಿಧಿಯಿರಲಿಲ್ಲ.

"ಬಿಚ್ಚು," ಎಂದರು.

ಮೇಜಿನ ಉದ್ದಕ್ಕೂ ಹಾಸಿದೆ. ಮಾವ ಸ್ಟೂಲಿನಿಂದ ಎದ್ದು, ಮೇಜಿನ ಅಂಚು ಹಿಡಿದುಕೊಂಡು ನಡೆದರು. ಹೆಬ್ಬೆರಳು ಬಟ್ಟೆಯ ಮೇಲೆ ನಡುಗುತ್ತಾ ಹೋಯಿತು. ಈ ತುದಿಯಿಂದ ಆ ತುದಿ. ಮತ್ತೆ ಆ ತುದಿಯಿಂದ ಈ ತುದಿ. ನಾನು ಬೈಗುಳಕ್ಕೆ ಕಾಯುತ್ತಾ ನಿಂತಿದ್ದೆ.

"ಕೂಡುಗೆರೆ ಎಲ್ಲಿ?" ಎಂದರು.

ನಾನೂ ಬಗ್ಗಿ ಹುಡುಕಿದೆ. ನನಗೂ ಸಿಗಲಿಲ್ಲ.

"ಏನಂದ್ರು ಅವರು?"

"ಮಿಶನ್ ಥರ ಇದೆ ಅಂದ್ರು."

"ಹಾಗೇ ಅಂದ್ರಾ?"

ಮುಖ ಅರಳಿತು. ಅತ್ತೆಯನ್ನು ಕೂಗಲು ಬಾಯಿ ತೆರೆದವರು, ಕೂಗದೆ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ನೆತ್ತಿಯ ಮೇಲೆ ಬಡಿದುಕೊಳ್ಳುತ್ತಲೇ ಇತ್ತು. ನಾನು ಗೊಳೋ ಎಂದು ಅತ್ತುಬಿಟ್ಟೆ. ಸಂತೋಷಕ್ಕಲ್ಲ. ಗಂಟು ವಾಪಸ್ ಬಂದಿದೆ, ಮೇಜು ಹೋಗುತ್ತದೆ, ಇವರು ನಗುತ್ತಿದ್ದಾರೆ.

ಜೂನ್ 13, ಶುಕ್ರವಾರ

ಬೆಳಗಿನಿಂದ ತಪ್ಪು ಮಾಡಲು ನೋಡುತ್ತಿದ್ದೇನೆ. ಬರುತ್ತಿಲ್ಲ.

ಇಲ್ಲಿ ಸಂದು ಬಿಡೋಣ ಎಂದುಕೊಂಡು ಅಚ್ಚು ಎತ್ತುತ್ತೇನೆ. ಕೈ ತಾನಾಗಿ ಮೂಲೆಗೆ ಹೋಗಿ ಕೂರುತ್ತದೆ. ಬಲವಂತವಾಗಿ ಸರಿಸಿದರೆ ಸರಿಸಿದ್ದೇ ಎದ್ದು ಕಾಣುತ್ತದೆ. ಅತ್ತೆ ಒಂದು ಸ್ಟೂಲ್ ತಂದು ಪಕ್ಕ ಕೂತು, "ನನ್ನ ತಮ್ಮ ಇದಾನಲ್ಲ..." ಎಂದು ಶುರು ಮಾಡಿದರು. ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೂ ಬಟ್ಟೆ ಹಾಗೇ ಇತ್ತು. ಇಡೀ ತುಂಡು ಒತ್ತಿದೆ, ಕಿತ್ತೆಸೆದೆ. ಇನ್ನೊಂದು ಹಾಸಿದೆ. ಇದಕ್ಕಿಂತ ಸುಲಭದ ಕೆಲಸ ಜಗತ್ತಿನಲ್ಲಿ ಯಾರಿಗೂ ಯಾರೂ ಕೊಟ್ಟಿರಲಾರರು, ನನ್ನಿಂದ ಆಗಲಿಲ್ಲ. ಅಚ್ಚು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ.

ಮಾವ ಎದ್ದು ಬಂದರು. ನಿನ್ನೆಯ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡಿದ್ದರು, ರಾತ್ರಿಯಿಂದ ಅದನ್ನು ಕೆಳಗಿಟ್ಟಿಲ್ಲ. ನನ್ನ ಪಕ್ಕ ನಿಂತು ಬಲಗೈಯನ್ನು ಎತ್ತಿ, ಅಚ್ಚು ಹಿಡಿದಿದ್ದ ನನ್ನ ಕೈಯ ಮೇಲೆ ಇಟ್ಟರು.

"ಗಟ್ಟಿಯಾಗಿ ಹಿಡೀಬೇಡ," ಎಂದರು. "ನಾನು ಹೋದ ಕಡೆ ಬಿಡು."

ಬೇಡ ಮಾವ ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ ಎಂದೆ.

"ಮೇಜು ಉಳೀಬೇಕಲ್ಲ ನಿಂಗೆ."

ಅವರ ನಡುಕ ನನ್ನ ಬೆರಳಿಗಿಳಿಯಿತು, ಬೆರಳಿಂದ ಅಚ್ಚಿಗಿಳಿಯಿತು. ಮಾವ ಬಟ್ಟೆಯ ಕಡೆ ನೋಡಲಿಲ್ಲ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು. ಅಚ್ಚು ಇಳಿದಾಗಲೆಲ್ಲ, "ಬಂತಾ?" ಎನ್ನುತ್ತಿದ್ದರು. ಬಂತು ಎನ್ನುತ್ತಿದ್ದೆ. ಹಾಗೆ ಸಂಜೆಯ ತನಕ ಒತ್ತಿದೆವು.

ಮೊದಲ ತುಂಡು ಹಗ್ಗದ ಮೇಲಿದೆ. ತಪ್ಪುಗಳು ಚೆನ್ನಾಗಿ ಬಂದಿವೆ.